ಹಾಸಿಗೆ ಗಾಡಿಯ ರಂಜಾನ್

ಹೊಸ ಬಟ್ಟೆಯ ಗಂಜಿಯ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ. ಮೊನ್ನೆ ಜಯನಗರದ ಒಂದು ಜವಳಿ ಅಂಗಡಿಯಲ್ಲಿ ಮೊಮ್ಮಗಳ ಲಂಗದ ಒಳಬಟ್ಟೆಗೆಂದು ಕೇಳಿದಾಗ ಅಂಗಡಿಯವನು ಬಿಳಿಯ ಲಾಂಗ್‌ಕ್ಲಾತಿನ ಥಾನನ್ನು ಪಟಪಟನೆ ಬಿಚ್ಚಿ ಮುಂದೆ ಹರಡಿದ. ಸ್ವಲ್ಪ ಹುಳಿಯಾದ, ಒಣಹಿಟ್ಟಿನಂಥ ಆ ವಾಸನೆ ಮೇಲೆದ್ದದ್ದೇ ತಡ, ಹೊಟ್ಟೆ ತುಂಬ ತಿಂಡಿ ತಿಂದು ಹೋಗಿದ್ದ ನನ್ನ ಬಾಯಲ್ಲಿ ನೀರೂರಿತು. ಬಟ್ಟೆಯನ್ನು ಎತ್ತಿ ಮೂಸಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿ, "ಒಳ್ಳೆ ಮಾಲು ಮೇಡಂ, ಒಗೆದ್ರೆ ಮೆತ್ತಗಾಗುತ್ತೆ" ಎಂದ. ನಾನು ಏನೆಂದು ಹೇಳಲಿ? ಬಟ್ಟೆಗೆ ಹಾಕುವುದೂ ಗಂಜಿಯೇ, ರಂಜಾನಿನ ಉಪವಾಸ, ಅಂದರೆ ರೋಜಾ ಬಿಡುವಾಗ ಕುಡಿಯುವುದೂ ಗಂಜಿಯೇ. ನನ್ನ ಬಾಲ್ಯದಲ್ಲಿ ಆ ಎರಡು ಗಂಜಿಗಳ ವಾಸನೆಗಳು ಒಂದೇ ಮನೆಯಲ್ಲಿ, ಒಂದೇ ತಿಂಗಳಲ್ಲಿ, ಬೇರ್ಪಡಿಸಲಾಗದಂತೆ ಬೆರೆತು ಬರುತ್ತಿದ್ದವು. ಒಂದು ನಡುಮನೆಯ ಪಕ್ಕದ ಕೋಣೆಯಿಂದ, ಇನ್ನೊಂದು ಹಿತ್ತಲಿನ ಒಲೆಯಿಂದ.

ಆ ಮನೆ ಸಿದ್ದಾಪುರದಲ್ಲಿತ್ತು, ಲಾಲ್‌ಬಾಗಿನ ಗೋಡೆಗೆ ಹೆಚ್ಚು ದೂರವಲ್ಲ. ಬೀದಿಗೆ ಮುಖಮಾಡಿ ಅಬ್ಬಾನ ಹಾಸಿಗೆ ಅಂಗಡಿ. ಅದರ ಪಕ್ಕದಲ್ಲಿ ಉದ್ದನೆಯ ಜಗಲಿ. ಜಗಲಿಯ ಹಿಂದೆ ನಾವು ವಾಸವಿದ್ದ ಕೋಣೆಗಳು. ಎಲ್ಲಕ್ಕೂ ಹಿಂದೆ ಹತ್ತಿಯನ್ನು ಬಿಲ್ಲಿನಿಂದ ಬಡಿದು ಎಕ್ಕುವ ಕೊಟ್ಟಿಗೆ. ಬೆಳಗಾದರೆ ಬಿಲ್ಲಿನ ನಾದ ಟೊಂಯ್ ಟೊಂಯ್ ಎಂದು ಶುರುವಾಗುತ್ತಿತ್ತು. ಎಕ್ಕಿದ ಹತ್ತಿಯ ನಾರು ಗಾಳಿಯಲ್ಲಿ ತೇಲಿ ಬಂದು ಬೇಳೆಯ ಮೇಲೆ, ಹಾಲಿನ ಮೇಲೆ, ನಮ್ಮ ಅಪ್ಪನ ಅಮ್ಮ, ಅಂದರೆ ದಾದಿಯ ಕಣ್ಣೆವೆಗಳ ಮೇಲೆ ಕೂರುತ್ತಿತ್ತು. ನಾವು ಪಿಂಜಾರರು. ತಾತನ ಕಾಲಕ್ಕೆ ಚಿತ್ರದುರ್ಗದ ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದೆವು, ಸಿಟ್ಟು ಬಂದಾಗ ಮತ್ತು ದೇವರನ್ನು ನೆನೆಯುವಾಗ ಮಾತ್ರ ದಖನಿ ಬರುತ್ತಿತ್ತು. ಎದುರಿಗೆ ಗುಲಾಬಿ ಸಸಿ ಮಾರುವವರ ತೋಟಗಳು. ಅವುಗಳ ಆಚೆ ಜಯನಗರ ಆಗಷ್ಟೇ ಏಳುತ್ತಿತ್ತು. ರಸ್ತೆಗಳು ಮೊದಲೇ ಬಂದು ಮನೆಗಳಿಗಾಗಿ ಕಾಯುತ್ತಿದ್ದ ವಿಚಿತ್ರ ಜಾಗ ಅದು. ಒಂದೊಂದೇ ಮನೆ ಎದ್ದಂತೆ ಹೊಸ ಸಂಸಾರಗಳು ಹಾಸಿಗೆ, ದಿಂಬು, ರಜಾಯಿಗಳಿಗಾಗಿ ಅಬ್ಬಾನನ್ನು ಹುಡುಕಿಕೊಂಡು ಬರತೊಡಗಿದವು. ನಾನು ಕಣ್ಣುಬಿಡುವ ಹೊತ್ತಿಗೆ ನಾವು ಉಳ್ಳವರಾಗಿದ್ದೆವು.

ರಂಜಾನ್ ಬಂತೆಂದರೆ ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ ಏರುತ್ತಿತ್ತು. ನುಚ್ಚಕ್ಕಿ, ಹೆಸರುಬೇಳೆ, ಮೆಂತ್ಯ, ಬೆಳ್ಳುಳ್ಳಿ, ಕೊನೆಗೆ ಒಂದು ಹಿಡಿ ಪುದೀನ. ಬಿಸಿ ಹಬೆಗೆ ಪುದೀನ ಬಿದ್ದ ಕ್ಷಣ ಏಳುತ್ತಿದ್ದ ಪರಿಮಳಕ್ಕೆ ಬೀದಿಯ ನಾಯಿಗಳೂ ಎದ್ದು ಕೂರುತ್ತಿದ್ದವು. ರೋಜಾ ಇದ್ದವರು ರುಚಿ ನೋಡುವಂತಿಲ್ಲವಲ್ಲ, ದಾದಿ ಹಂಡೆಯ ಮೇಲೆ ಬಗ್ಗಿ ಹಬೆಯನ್ನೇ ಮೂಸಿ "ಇನ್ನೊಂದು ಚೂರು ಉಪ್ಪು" ಎಂದು ಹೇಳುತ್ತಿದ್ದರು. ಎಷ್ಟೋ ಸಲ ಅವರ ಅಂದಾಜು ತಪ್ಪಿ ಗಂಜಿ ಉಪ್ಪುಪ್ಪಾಗಿರುತ್ತಿತ್ತು. ಆದರೂ ಮಸೀದಿಗೆ ಹೋದ ಪಾತ್ರೆ ಖಾಲಿಯಾಗಿಯೇ ಬರುತ್ತಿತ್ತು. ಸಂಜೆ ಯಾರು ಬಂದು ಪಾತ್ರೆ ಒಡ್ಡಿದರೂ, ಜಟಕಾದವನಾಗಲಿ ತೋಟದ ಮಾಲಿಯಾಗಲಿ, ಜಾತಿ ಕೇಳದೆ ಸುರಿದು ಕೊಡುತ್ತಿದ್ದರು.

ಗಂಜಿ ಕೊಡುವುದು ದಿನದ ಮಾತು. ಜಕಾತ್ ಬೇರೆ. ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದರಲ್ಲಿ ಬಡವರ ಪಾಲನ್ನು ತೆಗೆದು ಕೊಡಲೇಬೇಕಾದ ಬಾಧ್ಯತೆ ಅದು. ಅಬ್ಬಾ ಅದನ್ನು ಬಹುಮಟ್ಟಿಗೆ ಬಟ್ಟೆ ಮತ್ತು ದವಸದ ರೂಪದಲ್ಲಿ ಕೊಡುತ್ತಿದ್ದರು. ರಂಜಾನಿನ ಮೊದಲ ವಾರದಲ್ಲೇ ಚಿಕ್ಕಪೇಟೆಯಿಂದ ಥಾನುಗಳು ಬಂದು ನಡುಮನೆಯ ಪಕ್ಕದ ಕೋಣೆಯಲ್ಲಿ ಸೂರಿನವರೆಗೆ ಏರುತ್ತಿದ್ದವು: ಬಿಳಿ ಲಾಂಗ್‌ಕ್ಲಾತ್, ಹೂವಿನ ಚೀಟಿ ಬಟ್ಟೆ, ಗಂಡಸರ ಲುಂಗಿ. ನಾನು ಮಧ್ಯಾಹ್ನ ಆ ಕೋಣೆಗೆ ನುಸುಳಿ ಥಾನುಗಳಿಗೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ತಂಪಾದ, ಗರಿಗರಿಯಾದ ಬಟ್ಟೆ; ಹಿತ್ತಲಿನಿಂದ ಪುದೀನದ ಗಾಳಿ; ಹೊಟ್ಟೆಯಲ್ಲಿ ಅರ್ಧ ದಿನದ ಮಕ್ಕಳ ರೋಜಾ. ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಬ್ಬಾ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಸಿದ್ದಾಪುರದ ಗಲ್ಲಿಗಳಿಂದ, ಅದರಾಚೆಯಿಂದಲೂ ಹೆಂಗಸರು ಬುರ್ಖಾ ಹೊದ್ದು ಬಂದು ಬೀದಿಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದರು.

ಅಬ್ಬಾನನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ಚಿಕ್ಕಂದಿನಲ್ಲಿ ತಂದೆಯ ಹಿಂದೆ ಬಿಲ್ಲು ಹೊತ್ತು ಬೀದಿ ಬೀದಿ ಅಲೆದವರು. "ಹತ್ತಿ ಎಕ್ಕೋದೈತೇನಮ್ಮಾ" ಎಂದು ಕೂಗಿ, ಯಾರದೋ ಜಗಲಿಯ ಅಂಚಿನಲ್ಲಿ ಕೂತು, ಯಾರೋ ಮೇಲಿನಿಂದ ಹಾಕಿದ್ದನ್ನು ಅಂಗೈಯಲ್ಲಿ ಹಿಡಿದು ತಿಂದವರು. ಈಗ ತಮ್ಮದೇ ಜಗಲಿಯ ಮುಂದೆ ಅಷ್ಟು ಜನ ಬಂದು ನಿಂತಾಗ ಅವರ ಮುಖ ಬೆಳಗುತ್ತಿತ್ತು. ಆ ಬೆಳಕಿನಲ್ಲಿ ಅಹಂಕಾರ ಎಷ್ಟಿತ್ತು, ನೆಮ್ಮದಿ ಎಷ್ಟಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ. ದಾದಿಗೆ ಮಾತ್ರ ಆ ದಿನ ಎಂದೂ ಹಿಡಿಸುತ್ತಿರಲಿಲ್ಲ. ಬಿದಿರಿನ ಪರದೆಯ ಹಿಂದೆ ಜಪಮಣಿ ಹಿಡಿದು ಕೂತು, ಬಿಸಿಲಲ್ಲಿ ನಿಂತವರನ್ನು ನೋಡುತ್ತ, "ಏನು ಸುಡ್ತಾ ಇದೆಯಪ್ಪ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. ಆ ವರ್ಷಗಳಲ್ಲಿ ರಂಜಾನ್ ಬೇಸಿಗೆಯಲ್ಲಿ ಬೀಳುತ್ತಿತ್ತು.

ಇನ್ನು ಹಲೀಮಾ ಉಸ್ತಾನಿ. ಉಸ್ತಾನಿ ಎಂದರೆ ಕಲಿಸುವಾಕೆ. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಕುರಾನ್ ಓದಲು ಕಲಿತದ್ದು ಅವರ ಒಂದೇ ಕೋಣೆಯ ಮನೆಯಲ್ಲಿ. ಗಂಡ ಕೋಟು ಹೊಲಿಯುವ ದರ್ಜಿ. ಆ ಕೋಟುಗಳಿಗೆ ಗುಂಡಿಯ ಕಾಜಾ ಹಾಕುವುದು ಉಸ್ತಾನಿಯ ಕೆಲಸ. ಕಾಜಾ ಹಾಕುತ್ತಲೇ ನಮ್ಮ ಓದು ಕೇಳುತ್ತಿದ್ದರು. ತಪ್ಪಿದರೆ ಸೂಜಿ ನಿಲ್ಲಿಸಿ, ಬಗ್ಗಿ, ಬಲಗೈಯ ತೋರುಬೆರಳನ್ನು ಅಕ್ಷರದ ಕೆಳಗೆ ಇಡುತ್ತಿದ್ದರು. ಸೂಜಿ ಚುಚ್ಚಿ ಚುಚ್ಚಿ ಆ ಬೆರಳ ತುದಿ ಕಪ್ಪಾಗಿ ಗಟ್ಟಿಯಾಗಿತ್ತು. ಉಗುರು ನಡುವೆ ಸೀಳಿತ್ತು. ಕಲಿಸಿದ್ದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳಿಲ್ಲದ ಅವರಿಗೆ ನಾವೇ ಮಕ್ಕಳು ಎಂದು ದೊಡ್ಡವರು ಹೇಳುತ್ತಿದ್ದರು, ಆದರೆ ಉಸ್ತಾನಿ ಅಂಥ ಮೆದು ಮಾತಿನವರಲ್ಲ. "ಶಮೀಮ್, ನೀನು ಓದ್ತಾ ಇದ್ದೀಯೋ, ಕಡಲೆ ಅಗೀತಾ ಇದ್ದೀಯೋ?" ಎಂದು ನನ್ನನ್ನು ಗದರುತ್ತಿದ್ದರು. ಒಂದು ವರ್ಷ ಚಳಿಗಾಲದಲ್ಲಿ ಅವರ ಗಂಡ ಜಟಕಾದಿಂದ ಬಿದ್ದು ಸೊಂಟ ಮುರಿದುಕೊಂಡರು. ಪರದೆಯ ಹಿಂದಿನಿಂದ ನರಳಾಟ ಕೇಳುತ್ತಿತ್ತು, ಹೊಲಿಗೆ ಯಂತ್ರದ ಮೇಲೆ ಮಡಿಸಿದ ದುಪ್ಪಟಿ ಹಾಸಿತ್ತು. ಕೋಣೆ ಮಾತ್ರ ಎಂದಿನಂತೆ ಗುಡಿಸಿ ಸಾರಿಸಿ ಸ್ವಚ್ಛವಾಗಿತ್ತು. ಉಸ್ತಾನಿಯ ಮುಖವೂ ಹಾಗೇ. ಆದ್ದರಿಂದ ಆ ಮನೆಯ ಕಷ್ಟ ಎಷ್ಟೆಂದು ಯಾರಿಗೂ ತಿಳಿಯಲಿಲ್ಲ.

ಆ ಚಳಿಗಾಲ ಕಳೆದು ಬಂದ ರಂಜಾನಿನಲ್ಲಿ ಅಂಗಡಿಯ ಮೇಸ್ತ್ರಿ ಗಫೂರ್ ಅಬ್ಬಾನಿಗೆ ಒಂದು ಮಾತು ಹೇಳಿದ್ದ. ಹೋದ ವರ್ಷ ಕೆಲವರು ಬುರ್ಖಾ ಬದಲಾಯಿಸಿಕೊಂಡು ಎರಡೆರಡು ಸಲ ಬಂದು ತೆಗೆದುಕೊಂಡು ಹೋಗಿದ್ದಾರೆ, ಈ ಸಲ ಮುಖ ನೋಡಿಯೇ ಕೊಡಬೇಕು ಎಂದು. ಅಬ್ಬಾ ಸ್ವಲ್ಪ ಯೋಚಿಸಿ ಹೂಂ ಅಂದಿದ್ದರು. ಸಾಲು ಜಗಲಿಯ ಹತ್ತಿರ ಬಂದಂತೆ ಗಫೂರ್ "ಮುಸುಕು ತೆಗೀರಮ್ಮ, ಹೆಸರು ಹೇಳಿ" ಎನ್ನುತ್ತಿದ್ದ. ಒಬ್ಬೊಬ್ಬರೇ ಒಂದು ಕ್ಷಣ ಮುಸುಕು ಸರಿಸಿ, ತಲೆ ತಗ್ಗಿಸಿ ಹೆಸರು ಹೇಳಿ, ಬಟ್ಟೆ ಕಂಕುಳಲ್ಲಿ ಅವುಚಿಕೊಂಡು ಸರಸರನೆ ಹೋಗುತ್ತಿದ್ದರು. ನಾನು ದಾದಿಯ ಪಕ್ಕದಲ್ಲಿ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಮಾಸಿದ ಕಪ್ಪು ಬುರ್ಖಾದ ಒಬ್ಬಾಕೆಯ ಸರದಿ ಬಂತು. ಕೈ ಮುಂದೆ ಚಾಚಿತ್ತು. ಗಫೂರ್ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಮುಸುಕು ತೆಗೀರಮ್ಮ" ಎಂದ. ಕೈ ಅಲ್ಲೇ ನಿಂತಿತು. ಬಿಸಿಲು ನೇರ ಆ ಕೈಮೇಲೆ ಬಿದ್ದಿತ್ತು. ಕಪ್ಪಾದ ಬೆರಳ ತುದಿ, ಸೀಳಿದ ಉಗುರು. "ಕೇಳಿಸ್ಲಿಲ್ವಾ? ಹಿಂದೆ ಜನ ಕಾಯ್ತಾ ಇದಾರೆ" ಎಂದು ಅವನು ದನಿಯೇರಿಸಿದ. ಆ ಕೈ ಮೆಲ್ಲಗೆ ಬುರ್ಖಾದೊಳಗೆ ಹೋಯಿತು. ಆಕೆ ಸಾಲಿನಿಂದ ಹೊರಬಂದು, ಅವಸರವನ್ನೇನೂ ಮಾಡದೆ, ತೋಟದ ಬೇಲಿಯ ನೆರಳಿನಲ್ಲಿ ನಡೆದು ಹೋದರು. ನಾನು ದಾದಿಯ ಮುಖ ನೋಡಿದೆ. ದಾದಿಯ ಜಪಮಣಿ ನಿಂತಿತ್ತು. ಅವರೂ ಆ ಕೈಯನ್ನು ಗುರುತಿಸಿದ್ದರು.

ದಾದಿ ಆಗ ಏನೂ ಮಾಡಲಿಲ್ಲ. ಒಳಗಿನಿಂದ ಹೇಳಿ ಕಳಿಸಿದ್ದು ಇಷ್ಟೇ: ಇನ್ನು ಯಾರ ಮುಖವನ್ನೂ ಕೇಳಬೇಡಿ, ಇದ್ದದ್ದನ್ನು ಬೇಗ ಕೊಟ್ಟು ಮುಗಿಸಿ. ಮಧ್ಯಾಹ್ನದ ನಮಾಜಿನ ನಂತರ ಅಬ್ಬಾ ದಣಿದು, ಆದರೆ ಸಂತೋಷದಿಂದಲೇ, ದಾದಿಯ ಕಾಲ ಬಳಿ ಬಂದು ಕೂತರು.

"ಈ ಸಲ ಜನ ಹೋದ ಸಲಕ್ಕಿಂತ ಜಾಸ್ತಿ ಕಣಮ್ಮ" ಎಂದರು.

"ಹೌದಪ್ಪ. ಒಬ್ಬಳು ಬರಿಗೈಲಿ ಹೋದ್ಲು. ನೋಡಿದ್ಯಾ?"

"ಯಾರೋ ಎರಡನೇ ಸಲ ಬಂದೋಳು ಇರಬೇಕು. ಅದಕ್ಕೇ ಮುಖ ತೋರಿಸ್ಲಿಲ್ಲ."

"ಎರಡನೇ ಸಲ ಬಂದಿದ್ರೆ ಏನಾಯ್ತು? ಒಂದು ಸಲಕ್ಕೆ ಅವಳ ಮನೆಗೆ ಸಾಲ್ದೇ ಬಂದಿರ್ತಾಳೆ." ದಾದಿ ದನಿ ಏರಿಸಲಿಲ್ಲ. "ನೀನು ಏನು ನಿನ್ನ ದುಡ್ಡು ಕೊಡ್ತಾ ಇದ್ದೀಯಾ? ಅದು ಅವರದೇ. ಒಂದು ವರ್ಷ ನಿನ್ನ ಹತ್ರ ಇಟ್ಟಿದ್ರು ಅಷ್ಟೇ. ಅವರ ವಸ್ತು ಅವರಿಗೆ ವಾಪಸ್ ಕೊಡೋಕೆ ಅವರ ಮುಖ ಯಾಕೆ ನೋಡ್ಬೇಕು ನೀನು? ಅವರಲ್ವೇನೋ ನಿನ್ನ ಮುಖ ನೋಡ್ಬೇಕಾದ್ದು?"

ಅಬ್ಬಾ ಎದ್ದು ಕೊಟ್ಟಿಗೆಗೆ ಹೋದರು. ಮುಂದೆ ಬಹಳ ಹೊತ್ತು ಬಿಲ್ಲಿನ ಸದ್ದು ಕೇಳಿಸಿತು. ಕೆಲಸದವರಿದ್ದರೂ ಮನಸ್ಸು ಕೆಟ್ಟಾಗ ಅವರೇ ಹತ್ತಿ ಎಕ್ಕುತ್ತಿದ್ದರು. ಹೋದಾಕೆ ಯಾರೆಂದು ದಾದಿ ಅವರಿಗೆ ಹೇಳಲಿಲ್ಲ. ನನ್ನ ತುಟಿಯ ಮೇಲೆ ಬೆರಳಿಟ್ಟು, ನೀನೂ ಹೇಳಕೂಡದು ಎಂದು ಕಣ್ಣಲ್ಲೇ ತಿಳಿಸಿದರು.

ಮರುದಿನ ಓದಿಗೆ ಹೋದ ಹುಡುಗಿಯರೆಲ್ಲ ಹಿಂದಿರುಗಿದರು. ಉಸ್ತಾನಿ ಬಾಗಿಲು ತೆರೆಯಲಿಲ್ಲ, ಮೈಗೆ ಹುಷಾರಿಲ್ಲ ಎಂದು ಒಳಗಿನಿಂದಲೇ ಹೇಳಿದರಂತೆ. ಅದರ ಮರುದಿನವೂ ಹಾಗೇ. ಆಗ ದಾದಿ ತಮ್ಮ ಹಳೆಯ ಬುರ್ಖಾ ಹೊದ್ದು, ನನ್ನ ಕೈ ಹಿಡಿದು, ಗಲ್ಲಿಯ ಆ ಕೋಣೆಗೆ ಹೊರಟರು. ಕೈಯಲ್ಲಿ ಏನನ್ನೂ ತೆಗೆದುಕೊಳ್ಳಲಿಲ್ಲ. "ಏನಾದ್ರೂ ತಗೊಂಡು ಹೋಗೋಣ ದಾದಿ, ಖರ್ಜೂರ" ಎಂದು ನಾನು ಅಂದಾಗ, "ಇವತ್ತು ಬೇಡ" ಎಂದರು. ಬಾಗಿಲು ತಟ್ಟಿ, "ಹಲೀಮಾ, ನಾನಮ್ಮ, ಕಾಲು ನೋಯ್ತಾ ಇದೆ, ಕೂತ್ಕೋಬೇಕು" ಎಂದ ಮೇಲೆ ಉಸ್ತಾನಿ ತೆರೆಯದೇ ಇರಲಾಗಲಿಲ್ಲ. ಎರಡು ದಿನಕ್ಕೇ ಅವರು ಸೊರಗಿದಂತೆ ಕಂಡರು. ಪರದೆಯ ಹಿಂದೆ ಗಂಡ ನಿದ್ದೆ ಮಾಡುತ್ತಿದ್ದರು. ಇಬ್ಬರು ಹೆಂಗಸರೂ ಚಾಪೆಯ ಮೇಲೆ ಕೂತರು. ಹೊರಗೆ ಸೊಪ್ಪಿನವಳ ಕೂಗು ಬಂದು ಹೋಯಿತು.

"ನಿಮಗೆ ಗೊತ್ತಾಯ್ತು" ಎಂದರು ಉಸ್ತಾನಿ ಕೊನೆಗೆ.

"ಗೊತ್ತಾಯ್ತು."

"ಭಾಯಿಜಾನ್‌ಗೆ?"

"ಇಲ್ಲ. ನನ್ನ ಮಗನಿಗೆ ಗೊತ್ತಾಗೋದೂ ಇಲ್ಲ."

ಉಸ್ತಾನಿ ಸೆರಗಿನಿಂದ ಮುಖ ಒರೆಸಿಕೊಂಡರು. "ಖಾಲಾ, ನಾನು ಅವರ ಮಗಳಿಗೆ ಓದಿಸ್ತೀನಿ. ಆ ಮನೆ ಮುಂದೆ ನಿಂತು ಮುಸುಕು ತೆಗೆದಿದ್ರೆ, ನಾಳೆ ಈ ಮಗು ಮುಂದೆ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ? ಇವರ ಔಷಧಿಗೆ ಅಂತ ಪಾತ್ರೆ ಎಲ್ಲಾ ಹೋಯ್ತು. ಬುರ್ಖಾ ಒಳಗೆ ಎಲ್ರೂ ಒಂದೇ, ಯಾರಿಗೂ ತಿಳಿಯಲ್ಲ ಅಂದ್ಕೊಂಡು ಬಂದೆ. ಇನ್ನು ಬರಲ್ಲ. ನೀವೂ ಏನೂ ಕಳಿಸಬೇಡಿ. ಕಳಿಸಿದ್ರೆ ತಗೊಳ್ಳಲ್ಲ."

"ನಾನು ಕೊಡೋಕೆ ಬಂದಿಲ್ಲ ಕಣೇ. ಕೇಳೋಕೆ ಬಂದಿದ್ದೀನಿ" ಎಂದರು ದಾದಿ. "ನಮ್ಮ ಮನೆ ಜಕಾತು ಹಂಚೋದು ನಮಗೆ ಬರ್ತಿಲ್ಲ. ಬೀದಿಲಿ ನಿಲ್ಲಿಸಿ ಕೊಡ್ತೀವಿ. ನಿಲ್ಲೋ ಧೈರ್ಯ ಇರೋರು ಬರ್ತಾರೆ, ಮಾನಕ್ಕೆ ಅಂಜೋರು ಮನೇಲೇ ಉಪವಾಸ ಬೀಳ್ತಾರೆ. ಯಾವ ಮನೇಲಿ ಒಲೆ ಹಚ್ಚಿಲ್ಲ, ಯಾವ ಹುಡುಗಿ ಹರಕಲು ಹಾಕ್ಕೊಂಡು ಬರ್ತಾಳೆ, ಅದು ನಿನಗೆ ಗೊತ್ತು. ಮಕ್ಕಳು ನಿನ್ನ ಹತ್ರ ಬರ್ತಾರಲ್ಲ. ಇನ್ಮೇಲೆ ನೀನು ಹಂಚು."

"ಹಂಚ್ತೀನಿ. ಅದಕ್ಕೇನು."

"ಹಂಚೋರಿಗೂ ಅದರಲ್ಲಿ ಪಾಲಿದೆ. ಬಡವರು, ನಿರ್ಗತಿಕರು, ಆಮೇಲೆ ಅದನ್ನ ಸೇರಿಸಿ ಹಂಚೋ ಕೆಲಸ ಮಾಡೋರು. ಕುರಾನಲ್ಲಿ ನೀನೇ ಓದಿಸಿದ್ದಲ್ವೇನೇ ಈ ಮಕ್ಕಳಿಗೆ?"

ಉಸ್ತಾನಿ ತಲೆಯೆತ್ತಿದರು. ಓದಿನಲ್ಲಿ ನಾವು ತಪ್ಪಿದಾಗ ನೋಡುತ್ತಿದ್ದ ಅದೇ ಚೂಪು ನೋಟ. "ಅದು ಆಳೋರ ಕಾಲದ ಮಾತು ಖಾಲಾ. ಸರ್ಕಾರ ನೇಮಿಸಿದೋರಿಗೆ."

"ನಮ್ಮ ಮನೆಗೆ ನಾನೇ ಸರ್ಕಾರ. ನೇಮಿಸಿದ್ದೀನಿ" ಎಂದರು ದಾದಿ.

ಉಸ್ತಾನಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಹೆಗಲು ಅದುರತೊಡಗಿದವು, ಅದು ಅಳುವಾಯಿತು. ದಾದಿ ಅವರನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಅಳು ಮುಗಿದ ಮೇಲೆ ಉಸ್ತಾನಿ ಒಂದು ಷರತ್ತು ಹಾಕಿದರು. ಯಾರಿಗೆ ಏನು ಹೋಯಿತು ಎಂಬುದು ತಮಗೆ ಮತ್ತು ದೇವರಿಗೆ ಮಾತ್ರ ಗೊತ್ತಿರಬೇಕು. ಮನೆಯ ಯಜಮಾನರೂ ಕೇಳಕೂಡದು. ದಾದಿ ಒಪ್ಪಿದರು.

ಈ ಏರ್ಪಾಟನ್ನು ಅಬ್ಬಾನಿಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ನಾನು ದುಡಿದದ್ದು ಯಾರ ಮನೆಗೆ ಹೋಗ್ತದೆ ಅಂತ ನಾನೇ ಕೇಳಬಾರ್ದಾ?" ಎಂದು ಒಂದೆರಡು ಸಲ ಗೊಣಗಿದರು. ಮುಂದಿನ ರಂಜಾನಿನಲ್ಲಿ ಅವರು ಎಂದಿನ ದಿನ ಬೆಳಿಗ್ಗೆ ಜಗಲಿಯ ಮೇಲೆ ಬಂದು ಕೂತರು. ಬೀದಿ ಖಾಲಿಯಾಗಿತ್ತು. ಹಿಂದಿನ ವರ್ಷ ಬಂದವರಿಗೆಲ್ಲ ಇನ್ನು ಬರಬೇಕಾಗಿಲ್ಲವೆಂದು ಉಸ್ತಾನಿ ಮೊದಲೇ ತಿಳಿಸಿದ್ದರು. ಒಂದು ಕರು ಜಗಲಿಯ ಅಂಚು ಮೂಸಿಕೊಂಡು ಹೋಯಿತು. ಅಬ್ಬಾ ಕುರ್ಚಿಯಿಂದ ಏಳದೆ ಬೀದಿಯ ತುದಿಯನ್ನೇ ನೋಡುತ್ತ ಕೂತಿದ್ದರು. ಬಾಲ್ಯದಲ್ಲಿ ಕಳೆದುಕೊಂಡದ್ದನ್ನು ಅವರು ವರ್ಷಕ್ಕೊಮ್ಮೆ ಆ ಜಗಲಿಯಲ್ಲಿ ಮರಳಿ ಪಡೆಯುತ್ತಿದ್ದರು. ಅದನ್ನೂ ಅವರಮ್ಮ ಕಿತ್ತುಕೊಂಡಿದ್ದರು.

ಆದರೆ ಉಸ್ತಾನಿಯ ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕಟ್ಟಿದ ಬಟ್ಟೆ, ಗೋಧಿಯ ಗಂಟು ಹಿಡಿದು ಅವರು ಒಂದು ಗಲ್ಲಿಗೆ ಕಾಲಿಟ್ಟರೆ ಸಾಕು, ಹತ್ತು ಕಿಟಕಿಗಳಿಂದ ಕಣ್ಣುಗಳು ಹಿಂಬಾಲಿಸುತ್ತಿದ್ದವು. ಯಾರ ಬಾಗಿಲಲ್ಲಿ ನಿಂತರೋ ಆ ಮನೆಯ ಕಥೆ ಸಂಜೆಯೊಳಗೆ ನಲ್ಲಿಯ ಹತ್ತಿರ ತಲುಪುತ್ತಿತ್ತು. ಒಬ್ಬ ಹೆಂಗಸು ಬಾಗಿಲು ಮುಚ್ಚಿ, "ನಮಗೇನೂ ಬೇಡ, ಮುಂದಕ್ಕೆ ಹೋಗಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಆಮೇಲೆ ಒಳಗೆ ಕೂತು ಅತ್ತಳಂತೆ. ಇದನ್ನು ಉಸ್ತಾನಿ ಹಿತ್ತಲಲ್ಲಿ ದಾದಿಗೆ ಹೇಳುತ್ತಿದ್ದಾಗ ಅಬ್ಬಾ ಕೊಟ್ಟಿಗೆಯೊಳಗೆ ರಜಾಯಿಗೆ ಹೊಲಿಗೆ ಹಾಕುತ್ತಿದ್ದರು. ಬಿದಿರ ತಡಿಕೆಯ ಆಚೆ ದಬ್ಬಳದ ಸದ್ದು ನಿಂತಿತು.

"ಅಮ್ಮಾ," ಎಂದರು ಅಬ್ಬಾ ಅಲ್ಲಿಂದಲೇ, "ಹಾಸಿಗೆ ಗಾಡಿ ಯಾರ ಮನೆ ಮುಂದೆ ನಿಂತ್ರೂ ಯಾರೂ ಏನೂ ಕೇಳಲ್ಲ. ಹಳೇ ಹಾಸಿಗೆ ರಿಪೇರಿಗೆ ಕೊಟ್ಟಿದ್ರು, ವಾಪಸ್ ಬಂತು ಅಂದ್ಕೋತಾರೆ."

ದಾದಿಯೂ ಉಸ್ತಾನಿಯೂ ಮುಖ ಮುಖ ನೋಡಿಕೊಂಡರು.

ಹೀಗೆ ಶುರುವಾಯಿತು. ದವಸದ ಚೀಲ, ಬಟ್ಟೆ, ಹಬ್ಬದ ಶಾವಿಗೆ, ಎಲ್ಲವನ್ನೂ ಹಾಸಿಗೆಯ ಸುರುಳಿಯೊಳಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಯಾವ ಸುರುಳಿ ಯಾವ ಬಾಗಿಲಿಗೆ ಎಂದು ಉಸ್ತಾನಿ ಹೇಳಿ ಕಳಿಸುತ್ತಿದ್ದರು. ತಮ್ಮ ಷರತ್ತನ್ನು ಅವರು ಅಬ್ಬಾನೊಬ್ಬರಿಗೆ ಮಾತ್ರ ಸಡಿಲಿಸಿದ್ದರು, ಆದ್ದರಿಂದ ಗಾಡಿಯನ್ನು ತಳ್ಳುವವರು ಅಬ್ಬಾ ಒಬ್ಬರೇ. ಗಫೂರನನ್ನೂ ಸೇರಿಸುತ್ತಿರಲಿಲ್ಲ. ಬಾಗಿಲ ಮುಂದೆ ಗಾಡಿ ನಿಲ್ಲಿಸಿ, "ಅಮ್ಮಾ, ನಿಮ್ಮ ಹಾಸಿಗೆ ಆಗಿದೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಸುರುಳಿಯನ್ನು ಹೊಸ್ತಿಲ ಒಳಗೆ ಇಟ್ಟು, ಮುಖ ತಿರುಗಿಸಿಕೊಂಡು ಬಂದುಬಿಡುತ್ತಿದ್ದರು. ಹುಡುಗನಾಗಿದ್ದಾಗ ಕೂಗಿ ಅಲೆದ ಅದೇ ಬೀದಿಗಳಲ್ಲಿ, ಅಂಗಡಿಯ ಯಜಮಾನನಾದ ಮೇಲೆ, ಬೆವರು ಸುರಿಸುತ್ತ, ಗಂಟಲೊಣಗಿದ ರೋಜಾದಲ್ಲಿ ಅವರು ಗಾಡಿ ತಳ್ಳಿಕೊಂಡು ಹೋಗುವುದನ್ನು ಕಂಡವರು, "ಏನ್ ಸಾಬ್ರೇ, ಆಳುಕಾಳು ಬಿಟ್ಟು ಹೋದ್ರಾ?" ಎಂದು ನಗುತ್ತಿದ್ದರು. ಅಬ್ಬಾನೂ ನಗುತ್ತಿದ್ದರು. ಸಂಜೆ ಮನೆಗೆ ಬಂದು ಖರ್ಜೂರ ಬಾಯಿಗಿಟ್ಟುಕೊಂಡಾಗ ಅವರ ಮುಖದಲ್ಲಿ ಒಂದು ಹೊಸ ಬಗೆಯ ಶಾಂತಿ ಇರುತ್ತಿತ್ತು. ಜಗಲಿಯ ಕುರ್ಚಿಯಲ್ಲಿ ಅದನ್ನು ನಾನು ಕಂಡಿರಲಿಲ್ಲ.

ಹಾಸಿಗೆ ಗಾಡಿ ಒಮ್ಮೆ ಸಾರಕ್ಕಿಗೂ ಹೋಯಿತು. ನಮ್ಮ ಮನೆಗೆ ಸೊಪ್ಪು ತರುತ್ತಿದ್ದ ಮುನಿಯಮ್ಮ ಆ ಊರಿನವಳು. ಗಂಡನ ಹೊಲ ಬಡಾವಣೆಗೆಂದು ಹೋಗಿತ್ತು, ಪರಿಹಾರ ಇನ್ನೂ ಬಂದಿರಲಿಲ್ಲ, ಗಂಡ ಕೆರೆ ಏರಿಯ ಮೇಲೆ ಕೂತು ಯಾರ ಜೊತೆಯೂ ಮಾತಾಡದಂತಾಗಿದ್ದ. ಇದು ಉಸ್ತಾನಿಯ ಕಿವಿಗೆ ಬಿದ್ದು ಅವರು ದಾದಿಗೆ ಹೇಳಿದರು. ಅಬ್ಬಾ ಅನುಮಾನಿಸಿದರು. "ಜಕಾತು ನಮ್ಮೋರಿಗೇ ಅಲ್ವೇನಮ್ಮ ಕೊಡಬೇಕಾದ್ದು?" ಎಂದರು. "ಜಕಾತನ್ನ ಮುಟ್ಟಬೇಡ. ನಿನ್ನ ಜೇಬಿಂದ ಕೊಡು, ಅದು ಸದಖಾ. ಅದಕ್ಕೆ ಯಾರ ಅಡ್ಡಿ ಇದೆ?" ಎಂದರು ದಾದಿ. ಅಬ್ಬಾ ರಾಗಿ ಸುತ್ತಿದ ಹಾಸಿಗೆಯನ್ನು ಸಾರಕ್ಕಿಗೆ ತಳ್ಳಿಕೊಂಡು ಹೋಗಿ ಬಂದರು. ಎರಡು ದಿನ ಬಿಟ್ಟು ಮುನಿಯಮ್ಮ ಸೊಪ್ಪಿನ ಮಂಕರಿ ಇಳಿಸಿ, ಅಂಗಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಲಾ ಸಾಬ್ರೇ, ನಾನು ಹಾಸಿಗೇನೇ ಕೊಟ್ಟಿರ್ಲಿಲ್ಲ. ಮನೆಗೆ ಬಂದೈತೆ. ಬಿಚ್ಚಿದ್ರೆ ಒಳಗೆ ರಾಗಿ. ಹಾಸಿಗೇಲಿ ರಾಗಿ ಹೆಂಗೆ ಬೆಳೀತು?"

ಅಬ್ಬಾ ಹತ್ತಿಯಿಂದ ತಲೆಯೆತ್ತದೆ, "ಹತ್ತಿ ಮೂಟೆ ಜೊತೆ ಬಂದಿರಬೇಕು ಕಣಮ್ಮ" ಎಂದರು.

"ಹಂಗೇ ಇರ್ಬೇಕು" ಎಂದಳು ಮುನಿಯಮ್ಮ. ಮಂಕರಿಯಲ್ಲಿದ್ದ ಎಳೆ ದಂಟಿನ ಕಟ್ಟೊಂದನ್ನು ಎತ್ತಿ ಗದ್ದುಗೆಯ ಮೇಲಿಟ್ಟು ಹೋದಳು. ಆ ದಿನ ಇಫ್ತಾರಿಗೆ ನಮ್ಮ ಮನೆಯಲ್ಲಿ ದಂಟಿನ ಸಾರು.

ವರ್ಷಗಳು ಹೀಗೆ ಹೋದವು. ಚಂದ್ರನ ಲೆಕ್ಕದಲ್ಲಿ ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತ ಬೇಸಿಗೆಯಿಂದ ಚಳಿಗಾಲಕ್ಕೆ ಬಂತು. ಆಗ ಸುರುಳಿಗಳೊಳಗೆ ದವಸದ ಜೊತೆ ನಿಜವಾದ ರಜಾಯಿಗಳೂ ಹೋಗತೊಡಗಿದವು. ಉಸ್ತಾನಿಯ ಗಂಡ ಮತ್ತೆ ಏಳಲೇ ಇಲ್ಲ. ಒಂದು ಬೆಳಿಗ್ಗೆ ತೀರಿಕೊಂಡರು. ಉಸ್ತಾನಿ ತಮ್ಮ ಪಾಲನ್ನು ಮಾತ್ರ ಪಡೆಯುತ್ತ, ಮಕ್ಕಳಿಗೆ ಓದಿಸುತ್ತ, ಕಾಜಾ ಹಾಕುತ್ತ ಅದೇ ಕೋಣೆಯಲ್ಲಿ ಉಳಿದರು. ಆ ಪಾಲನ್ನು ಕೊಡುವ ದಿನ ದಾದಿ ಅದನ್ನು ಎಂದೂ ಕೈಗೆ ಕೊಡುತ್ತಿರಲಿಲ್ಲ. ಚಾಪೆಯ ಮೇಲೆ ಇಬ್ಬರ ನಡುವೆ ಇಡುತ್ತಿದ್ದರು, ಉಸ್ತಾನಿ ತಾವೇ ಎತ್ತಿಕೊಳ್ಳುತ್ತಿದ್ದರು. ಕೊಡುವವರ ಕೈ ಮೇಲಿರಬಾರದು ಎಂಬುದು ದಾದಿಯ ಆಲೋಚನೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಇನ್ನೊಂದು ರಂಜಾನ್ ಬರುವ ಮೊದಲು, ಶಾಬಾನ್ ತಿಂಗಳಲ್ಲಿ, ದಾದಿ ಹೋದರು. ಜ್ವರದಲ್ಲೂ "ಹಂಡೆಗೆ ಕಲಾಯಿ ಹಾಕಿಸಿದ್ರಾ?" ಎಂದು ಕೇಳುತ್ತಿದ್ದರು. ಹಾಕಿಸಿದ್ದೆವು. ಆ ವರ್ಷ ಉಪ್ಪು ಮೂಸಿ ಹೇಳುವವರಿಲ್ಲದೆ ನನ್ನ ತಾಯಿ ಅಮ್ಮಿ ಹಂಡೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟಿದ್ದಳು.

ಕಾಲವೂ ಬದಲಾಯಿತು. ಜಯನಗರದ ಖಾಲಿ ರಸ್ತೆಗಳ ಇಬ್ಬದಿಯಲ್ಲೂ ಮನೆಗಳು ತುಂಬಿದವು, ಅಲ್ಲೇ ದೊಡ್ಡ ಅಂಗಡಿಗಳು ಬಂದವು. ಹಾಸಿಗೆಯನ್ನು ವರ್ಷ ವರ್ಷ ಬಿಚ್ಚಿ ಎಕ್ಕಿಸುವ ಪದ್ಧತಿ ಕಡಿಮೆಯಾಯಿತು. ಗಫೂರ್ ಬೇರೆ ಕೆಲಸ ಹಿಡಿದ. ಗುಲಾಬಿ ತೋಟಗಳು ಒಂದೊಂದಾಗಿ ನಿವೇಶನಗಳಾದವು. ಅಬ್ಬಾ ಕೊಡುವ ಜಕಾತು ಸಣ್ಣದಾಗುತ್ತ ಬಂತು, ಸುರುಳಿಗಳೂ ತೆಳ್ಳಗಾದವು. ಆದರೆ ಗಾಡಿ ಹೊರಡುವುದು ನಿಲ್ಲಲಿಲ್ಲ.

ನನ್ನ ಮದುವೆ ಗೊತ್ತಾದ ಚಳಿಗಾಲದಲ್ಲಿ ಉಸ್ತಾನಿ ಕಾಯಿಲೆ ಬಿದ್ದರು. ನಾನು ದಿನವೂ ಹೋಗಿ ಕೂರುತ್ತಿದ್ದೆ. ಕಣ್ಣು ಮಂಜಾಗಿತ್ತು, ನನ್ನಿಂದ ಓದಿಸಿ ಕೇಳುತ್ತಿದ್ದರು. ಒಂದು ದಿನ ನಾನು ಅವರ ಕಿವಿಯ ಬಳಿ ಬಗ್ಗಿ, "ಉಸ್ತಾನಿ, ಇಷ್ಟು ವರ್ಷ ಯಾರ್ಯಾರ ಮನೆಗೆ ಹೋಗ್ತಿತ್ತು?" ಎಂದು ಕೇಳಿದೆ. ಬಾಗಿಲುಗಳು ಗೊತ್ತಿದ್ದ ಅಬ್ಬಾ ಬಾಯಿ ಬಿಡುವವರಲ್ಲ; ಇನ್ನು ಯಾರೂ ಇರುವುದಿಲ್ಲ ಹೇಳುವುದಕ್ಕೆ, ಅವರೊಂದಿಗೆ ಎಲ್ಲವೂ ಹೋಗಿಬಿಡುತ್ತದೆ ಎಂಬ ಸಂಕಟ ನನಗೆ. ಅವರು ಕಣ್ಣು ಮುಚ್ಚಿಕೊಂಡೇ, "ಓದು, ಶಮೀಮ್" ಎಂದರು. ಓದಿದೆ. ಎರಡು ಕಡೆ ತಪ್ಪಿದೆ, ಎರಡು ಕಡೆಯೂ ತಿದ್ದಿದರು.

ಅವರು ತೀರಿಕೊಂಡ ದಿನ ಜನ ಹೆಚ್ಚು ಸೇರಲಿಲ್ಲ. ಬಂಧುಗಳೆಂದು ಯಾರೂ ಇರಲಿಲ್ಲ. "ಪಾಪ, ಒಂಟಿ ಹೆಂಗಸು" ಎಂದು ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರಿಂದ ಪಡೆದವರು ಯಾರೂ ಪಡೆದೆನೆಂದು ಹೇಳಿಕೊಂಡು ಬರುವಂತಿರಲಿಲ್ಲ. ಬಂದರೆ ಅಷ್ಟು ವರ್ಷ ಅವರು ಕಾದ ಗುಟ್ಟು ಹೊರಬೀಳುತ್ತಿತ್ತು. ಜನಾಜಾ, ಅಂದರೆ ಶವಯಾತ್ರೆ, ಹೊರಟಾಗ ನಾನು ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತಿದ್ದೆ. ಹಸಿರು ಹೊದಿಕೆಯ ಸಂದೂಕು, ಹೆಗಲು ಕೊಟ್ಟ ಕೆಲವೇ ಗಂಡಸರು, ಮುಂದಿನ ಹೆಗಲು ಅಬ್ಬಾನದು. ಅವರು ನೇರ ದಾರಿ ಬಿಟ್ಟು, ಗಾಡಿ ತಳ್ಳುತ್ತಿದ್ದ ಗಲ್ಲಿಗಳ ಒಳಗಿನ ಸುತ್ತು ದಾರಿಯಲ್ಲಿ ನಡೆಸಿಕೊಂಡು ಹೋದರು. ಸಂದೂಕು ಮುಂದೆ ಸರಿದಂತೆ ಆ ಗಲ್ಲಿಗಳ ಬಾಗಿಲುಗಳು ಒಂದೊಂದೇ ಒಂದು ಗೇಣಿನಷ್ಟು ತೆರೆದುಕೊಂಡವು. ಯಾರೂ ಹೊರಗೆ ಬರಲಿಲ್ಲ. ಪರದೆಯ ಅಂಚನ್ನು ಹಿಡಿದ ಬೆರಳುಗಳು ಮಾತ್ರ ಕಂಡವು. ಎಷ್ಟು ಬಾಗಿಲುಗಳು ಎಂದು ನಾನು ಎಣಿಸಲಿಲ್ಲ. ಎಣಿಸಬಾರದು ಅನ್ನಿಸಿತು. ಮೂಲೆಯಲ್ಲಿ ಸೈಕಲ್ಲಿನಿಂದ ಇಳಿದು ನಿಂತ ಅಪರಿಚಿತನೊಬ್ಬ, "ಯಾರು ಸಾಬ್ರೇ, ನಿಮ್ಮೋರಾ?" ಎಂದು ಕೇಳಿದನಂತೆ. "ನನ್ನ ಮಗಳ ಉಸ್ತಾನಿ" ಎಂದರಂತೆ ಅಬ್ಬಾ. ಅದಕ್ಕಿಂತ ಹೆಚ್ಚು ಅವರು ಅಂದೂ ಹೇಳಲಿಲ್ಲ, ಮುಂದೆ ತಾವು ಬದುಕಿರುವವರೆಗೂ ಯಾರಿಗೂ ಹೇಳಲಿಲ್ಲ.